ಕೈಯಲ್ಲಿರುವ ಕಾರ್ಡ್ ಅದೇ, ನಿಯಮ ಬೇರೆ

ಕಂಪ್ಯೂಟರ್‌ನಲ್ಲಿ ಆಡುವ ಕಾರ್ಡ್ ಆಟದಲ್ಲಿ ಒಂದು ಕಾರ್ಡ್ ಅತಿಯಾಯಿತು ಅಂತ ಗೊತ್ತಾದರೆ ಅದನ್ನು ರಾತ್ರೋರಾತ್ರಿ ತಿದ್ದಬಹುದು. ಹರ್ತ್‌ಸ್ಟೋನ್ ಆಟದಲ್ಲಿ ಹಾಗೆ ಕಾರ್ಡ್‌ನ ಬಲ ಇಳಿಸಿದಾಗ, ಸ್ವಲ್ಪ ದಿನದ ಮಟ್ಟಿಗೆ ಅದನ್ನು ವಾಪಸ್ ಕೊಟ್ಟವರಿಗೆ ಪೂರ್ತಿ ಡಸ್ಟ್, ಅಂದರೆ ಬೇರೆ ಕಾರ್ಡ್ ಮಾಡಿಕೊಳ್ಳಲು ಬೇಕಾದ ಆಟದೊಳಗಿನ ನಾಣ್ಯ, ಸಿಗುತ್ತದೆ. ಕಾಗದದ ಕಾರ್ಡ್‌ಗೆ ಆ ಅನುಕೂಲ ಇಲ್ಲ. ಅಚ್ಚಾದದ್ದು ಅಚ್ಚಾಯಿತು. ಆಗ ಕಂಪನಿಗೆ ಉಳಿಯುವ ದಾರಿಗಳು ಕಡಿಮೆ. ಕಾರ್ಡನ್ನು ಬ್ಯಾನ್ ಮಾಡಬೇಕು, ಅದರ ಮೇಲೆ ಬರೆದದ್ದಕ್ಕೆ ತಿದ್ದುಪಡಿ ಹೊರಡಿಸಬೇಕು, ಇಲ್ಲವೇ ಆಟದ ನಿಯಮವನ್ನೇ ಬದಲಿಸಬೇಕು. ಯಾವುದನ್ನು ಮಾಡಿದರೂ ಯಾರಿಗೋ ಸಿಟ್ಟು ಬರುತ್ತದೆ. ಮ್ಯಾಜಿಕ್: ದ ಗ್ಯಾದರಿಂಗ್ ಆಟದಲ್ಲಿ ಈ ಸಿಟ್ಟಿಗೆ 30 ವರ್ಷದ ಇತಿಹಾಸವೇ ಇದೆ. ಮಧ್ಯದಲ್ಲಿ ಬಂದು ಸೇರಿದವರಿಗೆ ಯಾರು ಯಾಕೆ ಕೂಗಾಡುತ್ತಿದ್ದಾರೆ ಅಂತ ತಿಳಿಯುವುದು ಕಷ್ಟ.

ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟವನ್ನು ವಿಜರ್ಡ್ಸ್ ಆಫ್ ದ ಕೋಸ್ಟ್ 1993ರಲ್ಲಿ ತಂದಿತು. ಒಬ್ಬೊಬ್ಬರು ನಾಲ್ಕಾರು ಪ್ಯಾಕ್ ಕೊಂಡು ಆಡಿಕೊಂಡಿರುತ್ತಾರೆ ಎಂಬುದು ಆಗಿನ ಅಂದಾಜು. ಒಂದೇ ಕಾರ್ಡ್‌ನ ಎಷ್ಟು ಪ್ರತಿ ಬೇಕಾದರೂ ಡೆಕ್‌ಗೆ, ಅಂದರೆ ಆಡಲು ಜೋಡಿಸಿಕೊಂಡ ಕಾರ್ಡ್‌ಗಳ ಕಟ್ಟಿಗೆ, ಹಾಕಬಹುದಿತ್ತು. ಆಟಕ್ಕೆ ಮುಂಚೆ ಇಬ್ಬರೂ ತಲಾ ಒಂದು ಕಾರ್ಡ್ ಪಣಕ್ಕಿಡುವ ಪದ್ಧತಿಯೂ ಇತ್ತು, ಗೆದ್ದವರಿಗೆ ಎರಡೂ. ಜನ ಪೆಟ್ಟಿಗೆಗಟ್ಟಲೆ ಕೊಳ್ಳತೊಡಗಿದ್ದೇ ತಡ, ಅಂದಾಜು ತಲೆಕೆಳಗಾಯಿತು. 1994ರ ಆರಂಭದಲ್ಲಿ ಟೂರ್ನಮೆಂಟ್‌ಗಳಿಗೆ ನಾಲ್ಕು ಪ್ರತಿಯ ಮಿತಿ ಬಂತು. ಜೊತೆಗೆ ಬ್ಯಾನ್ ಆದ ಕಾರ್ಡ್‌ಗಳ ಪಟ್ಟಿ, ಒಂದೇ ಪ್ರತಿ ಇಡಬಹುದಾದ ಕಾರ್ಡ್‌ಗಳ ಪಟ್ಟಿ ಬಂದವು. ಪಣದ ಪದ್ಧತಿ ತಾನಾಗಿಯೇ ಮರೆಯಾಯಿತು. 1995ರ ಹೋಮ್‌ಲ್ಯಾಂಡ್ಸ್ ಎಂಬ ಸೆಟ್ ಆದಮೇಲೆ ಪಣಕ್ಕೆ ಸಂಬಂಧಿಸಿದ ಕಾರ್ಡ್ ಅಚ್ಚಾಗಲೇ ಇಲ್ಲ. ದುಡ್ಡು ಕೊಟ್ಟು ತಂದದ್ದನ್ನು ಒಂದೇ ಆಟದಲ್ಲಿ ಕಳೆದುಕೊಳ್ಳಲು ಯಾರಿಗೆ ತಾನೇ ಇಷ್ಟ? ಆ ನಿಯಮಕ್ಕಾಗಿ ಅತ್ತವರು ಹೆಚ್ಚಿಲ್ಲ.

ನಿಯಮಗಳ ಬಗ್ಗೆ ಮೊದಲ ದೊಡ್ಡ ಗದ್ದಲ 1999ರದು. ಅಲ್ಲಿವರೆಗೆ ಆಟದ ಒಳಗಿನ ಯಂತ್ರ ಸಿಕ್ಕುಸಿಕ್ಕಾಗಿತ್ತು. ಎದುರಾಳಿಯ ಸರದಿಯಲ್ಲೂ ಹಾಕಬಹುದಾದ ಮಂತ್ರದ ಕಾರ್ಡ್‌ಗಳಲ್ಲೇ ಇನ್‌ಸ್ಟಂಟ್ ಬೇರೆ, ಇಂಟರಪ್ಟ್ ಬೇರೆ. ಡ್ಯಾಮೇಜ್ (ಪೆಟ್ಟು) ತಡೆಯುವ ಮಂತ್ರಗಳಿಗೆ ಅದರದ್ದೇ ಒಂದು ಹೊತ್ತು. ದಾಳಿಗೆ ಅಡ್ಡ ನಿಂತು ಬ್ಲಾಕ್ ಮಾಡಿದ ಕ್ರೀಚರ್ (ಕಾದಾಡುವ ಪ್ರಾಣಿಯ ಕಾರ್ಡ್) ಟ್ಯಾಪ್ ಆಗಿಬಿಟ್ಟರೆ, ಅಂದರೆ ಅಡ್ಡ ತಿರುಗಿಸಲ್ಪಟ್ಟರೆ, ಅದು ಹೊಡೆಯುತ್ತಿರಲಿಲ್ಲ. ಆಟಗಾರನ ಜೀವದ ಅಂಕ ಸೊನ್ನೆಗೆ ಇಳಿದರೂ ಆ ಹಂತ ಮುಗಿಯುವ ತನಕ ಸೋಲಿಲ್ಲ. ಈ ಕೊನೆಯದನ್ನೇ ನಂಬಿಕೊಂಡು ಮಿರರ್ ಯೂನಿವರ್ಸ್ ಎಂಬ ಕಾರ್ಡ್‌ನ ಡೆಕ್ ಕಟ್ಟಿದವರಿದ್ದರು. ತನ್ನ ಜೀವವನ್ನು ತಾನೇ ಸೊನ್ನೆಗೆ ಇಳಿಸಿಕೊಳ್ಳುವುದು, ಆಮೇಲೆ ಎದುರಾಳಿಯ ಜೀವದ ಜೊತೆ ಅದಲುಬದಲು ಮಾಡುವುದು. ಹಂತ ಮುಗಿದಾಗ ಸೊನ್ನೆ ಅವನ ಲೆಕ್ಕಕ್ಕೆ!

ಸಿಕ್ಸ್ತ್ ಎಡಿಷನ್ ಎಂಬ ಸೆಟ್ ಜೊತೆ ಬಂದ ಹೊಸ ನಿಯಮಗಳು ಇದನ್ನೆಲ್ಲ ಗುಡಿಸಿ ಹಾಕಿದವು. ಇಂಟರಪ್ಟ್ ಹೋಯಿತು. ಸೊನ್ನೆ ಅಂದರೆ ಆ ಕ್ಷಣವೇ ಸೋಲು. ಮಂತ್ರಗಳೆಲ್ಲ 'ಸ್ಟ್ಯಾಕ್' ಎಂಬ ಒಂದೇ ಸಾಲಿಗೆ ಬಂದವು. ಕೊನೆಗೆ ಹಾಕಿದ್ದು ಮೊದಲು ನಡೆಯುತ್ತದೆ, ಮೊದಲು ಹಾಕಿದ್ದು ಕೊನೆಗೆ. ಇವತ್ತು ಸ್ಟ್ಯಾಕ್ ಇಲ್ಲದ ಮ್ಯಾಜಿಕ್ಕನ್ನು ಊಹಿಸಿಕೊಳ್ಳುವುದೂ ಕಷ್ಟ. ಆದರೆ ಆಗ ಹಳಬರು ಹೇಳಿದ್ದು ಬೇರೆ: ಆಟವನ್ನು ಮಕ್ಕಳಾಟ ಮಾಡಿಬಿಟ್ಟರು, ಕಷ್ಟಪಟ್ಟು ಕಲಿತವರಿಗೆ ಬೆಲೆ ಇಲ್ಲ, ಇನ್ನು ಆಟದ ಕಥೆ ಮುಗಿಯಿತು.

ಈ 1999ರ ಬದಲಾವಣೆಯಲ್ಲೇ ಹತ್ತು ವರ್ಷ ಬಿಟ್ಟು ನಡೆದ ಜಗಳದ ಬೀಜ ಇತ್ತು. ಹೊಸ ವ್ಯವಸ್ಥೆಯಲ್ಲಿ ಕಾಳಗದ ಡ್ಯಾಮೇಜ್ ಕೂಡ ಸ್ಟ್ಯಾಕ್ ಮೇಲೆ ಹೋಗಿ ಕೂರುತ್ತಿತ್ತು. ಯಾವ ಕ್ರೀಚರ್ ಯಾರಿಗೆ ಎಷ್ಟು ಹೊಡೆಯುತ್ತದೆ ಅಂತ ಮೊದಲು ತೀರ್ಮಾನ. ಪೆಟ್ಟು ಬೀಳುವುದು ಆಮೇಲೆ. ಎರಡರ ನಡುವೆ ಇಬ್ಬರಿಗೂ ಏನಾದರೂ ಮಾಡುವ ಅವಕಾಶ.

ಆ ಸಂದಿಯಲ್ಲೇ ಒಂದು ದೊಡ್ಡ ಕಲೆ ಬೆಳೆಯಿತು. ಮಾಗ್ ಫೆನಾಟಿಕ್ ಅಂತ ಒಂದು ಸಣ್ಣ ಗಾಬ್ಲಿನ್. ಕಾರ್ಡ್ ಹಾಕಲು ತೆರುವ ಶಕ್ತಿ, ಅಂದರೆ ಮಾನಾ, ಒಂದು ಸಾಕು; ಬಲ 1, ತಾಳಿಕೆ 1 (ತಾಳಿಕೆಯಷ್ಟು ಡ್ಯಾಮೇಜ್ ಬಿದ್ದರೆ ಸಾವು). ಅದನ್ನು ಬಲಿ ಕೊಟ್ಟರೆ ಬೇಕಾದವರಿಗೆ 1 ಡ್ಯಾಮೇಜ್. ಎದುರಾಳಿಯ ಬಲ 2, ತಾಳಿಕೆ 2ರ ಕ್ರೀಚರನ್ನು ಅದು ಬ್ಲಾಕ್ ಮಾಡುತ್ತದೆ. ಅದರ 1 ಡ್ಯಾಮೇಜ್ ಸ್ಟ್ಯಾಕ್ ಮೇಲೆ ಹೋಗಿ ಕೂರುತ್ತದೆ. ಈಗ ಅದನ್ನು ಬಲಿ ಕೊಟ್ಟರೆ ಇನ್ನೊಂದು ಡ್ಯಾಮೇಜ್. ಸತ್ತು ಹೋದ ಗಾಬ್ಲಿನ್‌ನ ಮೊದಲ ಪೆಟ್ಟು ಆಮೇಲೂ ಬೀಳುತ್ತದೆ. ಒಂದು ಮಾನಾದ ಪುಟ್ಟ ಕಾರ್ಡ್ ದೊಡ್ಡದನ್ನು ಕೊಂದು ಹೋಯಿತು.

ಮಾರ್ಫ್ಲಿಂಗ್ ಎಂಬ ಕ್ರೀಚರ್ ಇನ್ನೂ ಮಜವಾಗಿತ್ತು. ಮಾನಾ ಹಾಕಿದರೆ ಅದರ ಬಲ ಏರಿಸಿ ತಾಳಿಕೆ ಇಳಿಸಬಹುದು, ಅಥವಾ ಉಲ್ಟಾ. ಡ್ಯಾಮೇಜ್ ಸ್ಟ್ಯಾಕ್‌ಗೆ ಹೋಗುವ ತನಕ ಬಲ ಜಾಸ್ತಿ, ಹೋದಮೇಲೆ ತಾಳಿಕೆ ಜಾಸ್ತಿ. ಹೊಡೆಯುವಾಗ ರಾಕ್ಷಸ, ಹೊಡೆಸಿಕೊಳ್ಳುವಾಗ ಬಂಡೆ. ಆಟಗಾರರು ಅದನ್ನು ಸೂಪರ್‌ಮ್ಯಾನ್ ಅಂತಲೇ ಕರೆಯುತ್ತಿದ್ದರು. ಹೊಡೆದ ಕ್ರೀಚರ್ ಸಾಯುವ ಮುಂಚೆ ಅದನ್ನು ಕೈಗೆ ವಾಪಸ್ ಕರೆಸಿಕೊಳ್ಳುವುದು ಇನ್ನೊಂದು ಸಾಮಾನ್ಯ ಚಳಕ. ಇದನ್ನು ಬಲ್ಲವರು ಬಲ್ಲದವರನ್ನು ಪ್ರತಿ ಆಟದಲ್ಲೂ ಮಣಿಸುತ್ತಿದ್ದರು. ಕಲಿತ ದಿನ ಎಲ್ಲರಿಗೂ ಒಂದು ಗುಟ್ಟಿನ ಬಾಗಿಲು ತೆರೆದ ಹಾಗೆ ಅನ್ನಿಸುತ್ತಿತ್ತು.

2009ರ ಜೂನ್‌ನಲ್ಲಿ ವಿಜರ್ಡ್ಸ್‌ನ ಆರನ್ ಫೋರ್ಸೈತ್ ಮತ್ತು ಮಾರ್ಕ್ ಗಾಟ್ಲಿಬ್ ಬರೆದ ಪ್ರಕಟಣೆ ಬಂತು. ಮ್ಯಾಜಿಕ್ 2010 ಎಂಬ ಮೂಲ ಸೆಟ್ ಜೊತೆ ಜುಲೈನಿಂದ ಹೊಸ ನಿಯಮಗಳು. ಡ್ಯಾಮೇಜ್ ಇನ್ನು ಸ್ಟ್ಯಾಕ್‌ಗೆ ಹೋಗುವುದಿಲ್ಲ, ನೇರ ಬೀಳುತ್ತದೆ. ಖರ್ಚಾಗದೆ ಉಳಿದ ಮಾನಾ ಜೀವ ಸುಡುವ ಮಾನಾ ಬರ್ನ್ ಇಲ್ಲ. ಒಂದು ಕ್ರೀಚರನ್ನು ಹಲವು ಸೇರಿ ಬ್ಲಾಕ್ ಮಾಡಿದರೆ ದಾಳಿ ಮಾಡಿದವರು ಅವುಗಳನ್ನು ಸಾಲಾಗಿ ನಿಲ್ಲಿಸಬೇಕು, ಮೊದಲನೆಯದಕ್ಕೆ ಸಾಯುವಷ್ಟು ಕೊಟ್ಟೇ ಮುಂದಿನದಕ್ಕೆ ಹೋಗಬೇಕು. ಕಾರ್ಡ್‌ಗಳು ಆಟಕ್ಕಿಳಿಯುವ ಜಾಗಕ್ಕೆ ಬ್ಯಾಟಲ್‌ಫೀಲ್ಡ್, ಆಟದಿಂದ ತೆಗೆದಿಟ್ಟವುಗಳ ಜಾಗಕ್ಕೆ ಎಕ್ಸೈಲ್ ಎಂಬ ಹೆಸರುಗಳು ಬಂದದ್ದೂ ಆಗಲೇ. ಕಂಪನಿ ಕೊಟ್ಟ ಕಾರಣ ಸರಳ. ಹೊಸಬರಿಗೆ ಆಟ ಸಹಜವಾಗಿ ತೋಚಬೇಕು. ಸತ್ತ ಪ್ರಾಣಿ ಹೊಡೆಯುತ್ತದೆ ಅಂದರೆ ಅವರಿಗೆ ಅರ್ಥವಾಗುವುದಿಲ್ಲ.

ಪ್ರತಿಕ್ರಿಯೆ ಹೇಗಿತ್ತು ಅಂದರೆ, 1999ರ ಮಾತುಗಳನ್ನೇ ಮತ್ತೆ ಅಚ್ಚು ಹಾಕಿದ ಹಾಗಿತ್ತು. ಮಕ್ಕಳಾಟ, ಕಲಿತವರಿಗೆ ಬೆಲೆ ಇಲ್ಲ, ಕಥೆ ಮುಗಿಯಿತು. ತಮಾಷೆ ಏನೆಂದರೆ, ಈಗ ಜನ ಕಾಪಾಡಲು ಹೊರಟಿದ್ದು ಹತ್ತು ವರ್ಷದ ಹಿಂದೆ ಆಟವನ್ನು ಹಾಳುಮಾಡುತ್ತದೆ ಎನ್ನಲಾದ ನಿಯಮಗಳನ್ನೇ. ಮಾಗ್ ಫೆನಾಟಿಕ್ ಮೊದಲು ಅಚ್ಚಾಗಿದ್ದು 1997ರಲ್ಲಿ, ಡ್ಯಾಮೇಜ್ ಸ್ಟ್ಯಾಕ್‌ಗೆ ಹೋಗುವ ಮುಂಚೆ. ಆ ಎರಡು ಪೆಟ್ಟಿನ ಚಳಕ ಕಾರ್ಡ್‌ನ ಹುಟ್ಟುಗುಣ ಆಗಿರಲೇ ಇಲ್ಲ. ಮಧ್ಯೆ ಬಂದದ್ದು, ಮಧ್ಯೆ ಹೋಯಿತು. ಆದರೂ ಆ ಹತ್ತು ವರ್ಷದಲ್ಲಿ ಆಟ ಕಲಿತವರಿಗೆ ಅದೇ ನಿಜವಾದ ಮಾಗ್ ಫೆನಾಟಿಕ್.

ಹಾಗಂತ ಅವರ ಸಿಟ್ಟು ಬರೀ ಹಟ ಅಲ್ಲ. ಹೊಸ ನಿಯಮದಲ್ಲಿ ಆಯ್ಕೆ ಇನ್ನೂ ಕಷ್ಟವಾಯಿತು ಎನ್ನುವ, ಬದಲಾವಣೆಯ ಪರ ಇದ್ದವರ ವಾದವೂ ಸರಿಯೇ: ಗಾಬ್ಲಿನ್ ಹೊಡೆಯಬೇಕೋ, ಬಲಿಯಾಗಬೇಕೋ, ಎರಡರಲ್ಲಿ ಒಂದು. ಆದರೆ ಹಳೆಯ ನಿಯಮದಲ್ಲಿ ಕಾಳಗದ ಮಧ್ಯೆ ಒಂದು ಉಸಿರು ಹಿಡಿಯುವ ಕ್ಷಣ ಇತ್ತು. ಲೆಕ್ಕ ಗೊತ್ತಾಗಿದೆ, ಪೆಟ್ಟು ಬಿದ್ದಿಲ್ಲ, ಈಗ ಏನು ಮಾಡುತ್ತೀಯ? ಅದು ಹೋಯಿತು. ಆಟ ಸುಲಭವಾಯಿತು ಎನ್ನುವುದಕ್ಕಿಂತ ಅದರ ಒಂದು ರುಚಿ ಕಡಿಮೆಯಾಯಿತು ಎನ್ನುವುದು ನ್ಯಾಯದ ಮಾತು. ಮಾನಾ ಬರ್ನ್ ವಿಷಯದಲ್ಲಿ ಅಷ್ಟು ಹೇಳಲು ಆಗುವುದಿಲ್ಲ ಬಿಡಿ. ಅದು ಹೋದದ್ದನ್ನು ಬಹಳ ಜನ ಆಡುವಾಗ ಗಮನಿಸಲೂ ಇಲ್ಲ, ಆದರೆ ಅದಕ್ಕಾಗಿ ಆದ ವಾದ ಮಾತ್ರ ಸಣ್ಣದಲ್ಲ. ನಿಯಮದಿಂದ ಎಷ್ಟು ಉಪಯೋಗ ಇತ್ತು ಅಂತ ಯಾರೂ ಲೆಕ್ಕ ಹಾಕಲಿಲ್ಲ. ಅದನ್ನು ಕಲಿಯಲು ಎಷ್ಟು ಏಟು ತಿಂದಿದ್ದೆವು ಎನ್ನುವುದೇ ನೆನಪಾಗಿತ್ತು.

ಒಂದೆರಡು ವರ್ಷದಲ್ಲಿ ಈ ಜಗಳ ತಣ್ಣಗಾಯಿತು. ನಂತರದ ಸಣ್ಣ ಬದಲಾವಣೆಗಳು ಇನ್ನೂ ಬೇಗ ಅರಗಿದವು. ಒಂದೇ ಹೆಸರಿನ ಲೆಜೆಂಡರಿ ಕಾರ್ಡ್ ಎರಡಾದರೆ ಏನಾಗಬೇಕು ಎನ್ನುವ ಲೆಜೆಂಡ್ ನಿಯಮ 2004ರಲ್ಲಿ ಒಮ್ಮೆ, 2013ರಲ್ಲಿ ಇನ್ನೊಮ್ಮೆ ಬದಲಾಯಿತು. ಕೈಗೆ ಬಂದ ಕಾರ್ಡ್ ಸರಿಯಿಲ್ಲದಿದ್ದರೆ ಮತ್ತೆ ಎತ್ತಿಕೊಳ್ಳುವ ಮಲ್ಲಿಗನ್ ನಿಯಮವಂತೂ ಪ್ಯಾರಿಸ್, ವ್ಯಾಂಕೂವರ್, ಲಂಡನ್ ಅಂತ ಊರೂರು ಸುತ್ತಿ 2019ರಲ್ಲಿ ಈಗಿನ ರೂಪಕ್ಕೆ ಬಂತು. ಮಲ್ಲಿಗನ್ ಸುಲಭವಾದರೆ ಸಿಟ್ಟಾಗುವವರು ಕಡಿಮೆ, ಅಲ್ವಾ?

ಎಲ್ಲ ಸಲವೂ ಆಟಗಾರರು ಸುಮ್ನೆ ಕೂಗಾಡಿ ಒಪ್ಪಿಕೊಂಡರು ಅಂತಲ್ಲ. ಕೊನಾಮಿಯ ಯು-ಗಿ-ಓ ಆಟದಲ್ಲಿ 2017ರಲ್ಲಿ ಲಿಂಕ್ ಮಾನ್‌ಸ್ಟರ್ ಎಂಬ ಹೊಸ ಬಗೆಯ ಕಾರ್ಡ್‌ಗಳು ಬಂದವು. ಅವುಗಳ ಜೊತೆ ಬಂದ ನಿಯಮದ ಪ್ರಕಾರ ಎಕ್ಸ್‌ಟ್ರಾ ಡೆಕ್‌ನಿಂದ, ಅಂದರೆ ಮುಖ್ಯ ಡೆಕ್‌ನ ಪಕ್ಕದಲ್ಲಿಡುವ ಕಟ್ಟಿನಿಂದ, ಬರುವ ಮಾನ್‌ಸ್ಟರ್ ಒಂದು ವಿಶೇಷ ಜಾಗಕ್ಕೆ ಬರಬೇಕು, ಇಲ್ಲವೇ ಲಿಂಕ್ ಮಾನ್‌ಸ್ಟರ್ ಬೊಟ್ಟು ಮಾಡಿದ ಜಾಗಕ್ಕೆ. ಅಂದರೆ ವರ್ಷಗಟ್ಟಲೆ ಕೂಡಿಸಿದ ಫ್ಯೂಷನ್, ಸಿಂಕ್ರೊ, ಎಕ್ಸೀಜ಼್ ಕಾರ್ಡ್‌ಗಳ ಡೆಕ್ ಸರಾಗವಾಗಿ ಓಡಬೇಕಾದರೆ ಹೊಸ ಕಾರ್ಡ್ ಕೊಳ್ಳಲೇಬೇಕು. ಜನ ಇದನ್ನು ಮರೆಯಲಿಲ್ಲ. 2020ರ ಏಪ್ರಿಲ್‌ನಲ್ಲಿ ಆ ಮೂರು ಬಗೆಯ ಮಾನ್‌ಸ್ಟರ್‌ಗಳ ಮೇಲಿದ್ದ ನಿರ್ಬಂಧ ಹೋಯಿತು.

ಅದೇ ಏಪ್ರಿಲ್‌ನಲ್ಲಿ ಮ್ಯಾಜಿಕ್‌ಗೆ ಕಂಪ್ಯಾನಿಯನ್ ಕಾರ್ಡ್‌ಗಳು ಬಂದವು. ಡೆಕ್ ಕಟ್ಟುವಾಗ ಒಂದು ಷರತ್ತು ಪಾಲಿಸಿದರೆ ಸಾಕು, ಆ ಕಾರ್ಡ್ ಡೆಕ್‌ನ ಹೊರಗೆ ಸದಾ ಸಿದ್ಧ. ಆಟದ ಶುರುವಿಗೆ ಎಲ್ಲರಿಗೂ ಏಳು ಕಾರ್ಡ್, ನಿಮಗೆ ಎಂಟು. ಲುರಸ್ ಎಂಬ ಕಂಪ್ಯಾನಿಯನ್ ಎಷ್ಟು ಜೋರಾಯಿತೆಂದರೆ, ಹೆಚ್ಚುಕಡಿಮೆ ಎಲ್ಲ ಹಳೆಯ ಕಾರ್ಡ್‌ಗಳೂ ನಡೆಯುವ ವಿಂಟೇಜ್ ಎಂಬ ಬಗೆಯ ಆಟದಲ್ಲೇ ಬ್ಯಾನ್ ಆಯಿತು. ವಿಂಟೇಜ್‌ನಲ್ಲಿ ಅತಿ ಬಲದ ಕಾರ್ಡ್‌ಗೂ ಒಂದು ಪ್ರತಿಯ ಮಿತಿ ಹಾಕಿ ಬಿಡುವುದು ರೂಢಿ. ಇದಕ್ಕೆ ಬೇಕಿದ್ದದ್ದೇ ಒಂದು ಪ್ರತಿ! ಜೂನ್ 1ರಂದು ಹೊಸ ನಿಯಮ ಬಂತು: ಕಂಪ್ಯಾನಿಯನ್ ಕೈಗೆ ಬರಬೇಕಾದರೆ ಮೊದಲು ಮೂರು ಮಾನಾ ಕೊಡಿ. ಹತ್ತೂ ಕಂಪ್ಯಾನಿಯನ್‌ಗಳ ಮೇಲೆ ಅಚ್ಚಾದ ವಿವರಣೆ ಎರಡೇ ತಿಂಗಳೊಳಗೆ ಹಳತಾಯಿತು. ಆದರೂ ಹೆಚ್ಚಿನವರು ನಿಟ್ಟುಸಿರು ಬಿಟ್ಟರು. ಅವು ಮೂಡಿಸಿದ ಬೇಸರ ಅಷ್ಟಿತ್ತು, ಮತ್ತೆ ಅವುಗಳ ಮೇಲೆ ಯಾರೂ ವರ್ಷಗಟ್ಟಲೆ ಪ್ರೀತಿ ಸುರಿದಿರಲಿಲ್ಲ.

ಇಷ್ಟು ಆಡುವ ನಿಯಮದ ಮಾತು. ದುಡ್ಡಿನ ಮಾತು ಬಂದರೆ ಸಿಟ್ಟಿನ ಬಣ್ಣವೇ ಬೇರೆ, ಮತ್ತೆ ಅದು ಆರುವುದೇ ಇಲ್ಲ. 1995ರಲ್ಲಿ ಕ್ರಾನಿಕಲ್ಸ್ ಎಂಬ ಸೆಟ್‌ನಲ್ಲಿ ಹಳೆಯ ಅಪರೂಪದ ಕಾರ್ಡ್‌ಗಳನ್ನು ಮತ್ತೆ ಅಚ್ಚು ಹಾಕಿದರು. ಕೂಡಿಟ್ಟವರ ಕಾರ್ಡ್‌ಗಳ ಬೆಲೆ ಬಿತ್ತು. ಅವರನ್ನು ಸಮಾಧಾನ ಮಾಡಲು 1996ರಲ್ಲಿ ರಿಸರ್ವ್ಡ್ ಲಿಸ್ಟ್ ಬಂತು: ಈ ಪಟ್ಟಿಯ ಕಾರ್ಡ್‌ಗಳನ್ನು ಮತ್ತೆಂದೂ ಅಚ್ಚು ಮಾಡುವುದಿಲ್ಲ. ಕ್ರಾನಿಕಲ್ಸ್ ಮೇಲಿನ ಸಿಟ್ಟು ಇತಿಹಾಸವಾಯಿತು, ಮಾತು ಕೊಟ್ಟದ್ದು ಮಾತ್ರ ಉಳಿಯಿತು. ಆಗ ಹುಟ್ಟೇ ಇರದಿದ್ದವರೂ ಇವತ್ತು ಆ ಪಟ್ಟಿಯ ದುಬಾರಿ ಕಾರ್ಡ್ ಕೊಳ್ಳಲಾಗದೆ ಗೊಣಗುತ್ತಾರೆ. ಪಟ್ಟಿ ತೆಗೆಯಬೇಕು, ತೆಗೆಯಬಾರದು ಎನ್ನುವ ಎರಡೂ ಕಡೆಯವರಿಗೆ ತಾವು ಮೋಸ ಹೋದವರು ಅನ್ನಿಸುತ್ತದೆ.

2024ರ ಸೆಪ್ಟೆಂಬರ್ 23ರ ಸಿಡಿತವೂ ಇದೇ ಜಾತಿಯದು. ಕಮಾಂಡರ್ ಎಂಬ ಬಹು ಜನಪ್ರಿಯ ಬಗೆಯ ಆಟವನ್ನು (ಇದರಲ್ಲಿ ಡೆಕ್‌ನ ನಾಯಕನಾದ ಕಾರ್ಡ್‌ಗೂ ಕಮಾಂಡರ್ ಎಂದೇ ಹೆಸರು) ನೋಡಿಕೊಳ್ಳುತ್ತಿದ್ದದ್ದು ಕಂಪನಿಯಿಂದ ಹೊರಗಿದ್ದ ಒಂದು ಸಮಿತಿ. ಬ್ಯಾನ್ ಮಾಡುವುದು ಅಪರೂಪ ಎಂಬ ಹೆಸರಿದ್ದ ಆ ಸಮಿತಿ ಒಂದೇ ದಿನ ನಾಲ್ಕು ಕಾರ್ಡ್ ಬ್ಯಾನ್ ಮಾಡಿತು: ಮಾನಾ ಕ್ರಿಪ್ಟ್, ಜುವೆಲ್ಡ್ ಲೋಟಸ್, ಡಾಕ್‌ಸೈಡ್ ಎಕ್ಸ್‌ಟಾರ್ಷನಿಸ್ಟ್, ನಾಡು. ಆಟದ ದೃಷ್ಟಿಯಿಂದ ಕಾರಣ ಗಟ್ಟಿ ಇತ್ತು. ಮೊದಲ ಸರದಿಯಲ್ಲೇ ಮಾನಾ ಚಿಮ್ಮಿಸುವ ಕಾರ್ಡ್‌ಗಳಿಂದ ನಾಲ್ಕು ಜನರ ಆಟ ಶುರುವಿನಲ್ಲೇ ವಾಲುತ್ತಿತ್ತು. ಆದರೆ ಮಾನಾ ಕ್ರಿಪ್ಟ್, ಜುವೆಲ್ಡ್ ಲೋಟಸ್ ಎರಡೂ ದುಬಾರಿ. ಎರಡೂ 2023ರ ಸೆಟ್‌ಗಳಲ್ಲಿ ಮತ್ತೆ ಅಚ್ಚಾಗಿ, ಆ ಪ್ಯಾಕ್‌ಗಳನ್ನು ಕೊಳ್ಳಲು ಆಸೆ ಹುಟ್ಟಿಸಿದ್ದಂಥವು. ಜುವೆಲ್ಡ್ ಲೋಟಸ್‌ನ ಮಾನಾ ಕಮಾಂಡರನ್ನು ಹಾಕಲು ಬಿಟ್ಟು ಬೇರಾವುದಕ್ಕೂ ಆಗದು. ಕಮಾಂಡರ್‌ನಲ್ಲೇ ಬ್ಯಾನ್ ಆದಮೇಲೆ ಅದನ್ನು ಇಟ್ಟುಕೊಂಡು ಮಾಡುವುದೇನು?

ಬೇಸರ ಒಂದು ಮಟ್ಟದ ತನಕ ಅರ್ಥವಾಗುವಂಥದ್ದೇ. ಅದು ಸಮಿತಿಯವರಿಗೆ ಬೆದರಿಕೆ ಹಾಕುವ ತನಕ ಹೋಯಿತು. ಅದಕ್ಕೆ ಯಾವ ಸಮಜಾಯಿಷಿಯೂ ಇಲ್ಲ. ಒಂದು ವಾರದಲ್ಲಿ ಸಮಿತಿ ಕಮಾಂಡರ್‌ನ ಹೊಣೆಯನ್ನು ವಿಜರ್ಡ್ಸ್‌ಗೆ ಒಪ್ಪಿಸಿತು. 2025ರ ಫೆಬ್ರವರಿಯಲ್ಲಿ ಡೆಕ್‌ಗಳ ಬಲವನ್ನು ಐದು ಮಟ್ಟಗಳಾಗಿ ವಿಂಗಡಿಸುವ ಬ್ರಾಕೆಟ್ ಪದ್ಧತಿ ಪ್ರಯೋಗಕ್ಕೆ ಬಂತು. ಏಪ್ರಿಲ್‌ನಲ್ಲಿ ಕೆಲವು ಹಳೆಯ ಕಾರ್ಡ್‌ಗಳ ಬ್ಯಾನ್ ತೆಗೆದರು. ಆ ನಾಲ್ಕರಲ್ಲಿ ಒಂದೂ ಅದರಲ್ಲಿರಲಿಲ್ಲ.

ಈ ಗದ್ದಲದ ನಡುವೆ, 2024ರ ನವೆಂಬರ್‌ನಲ್ಲಿ, ಫೌಂಡೇಷನ್ಸ್ ಸೆಟ್ ಜೊತೆ ಕಾಳಗದ ನಿಯಮ ಇನ್ನೊಮ್ಮೆ ಬದಲಾಯಿತು. 2009ರಲ್ಲಿ ಬಂದಿದ್ದ ಬ್ಲಾಕರ್‌ಗಳನ್ನು ಸಾಲಾಗಿ ನಿಲ್ಲಿಸುವ ಪದ್ಧತಿ ಹೋಯಿತು. ಈಗ ದಾಳಿ ಮಾಡಿದವರು ಪೆಟ್ಟು ಬೀಳುವ ಹೊತ್ತಿಗೆ ತಮಗೆ ಬೇಕಾದ ಹಾಗೆ ಡ್ಯಾಮೇಜ್ ಹಂಚಬಹುದು. ನಷ್ಟ ಬ್ಲಾಕ್ ಮಾಡುವವರಿಗೆ. ಮೊದಲಾದರೆ ಸಾಲು ನಿಗದಿಯಾದ ಮೇಲೆ ಸಾಲಿನ ಮೊದಲ ಕ್ರೀಚರ್‌ನ ತಾಳಿಕೆ ಏರಿಸಿ ಇಡೀ ದಾಳಿಯನ್ನು ಅಲ್ಲೇ ನುಂಗಿಸಬಹುದಿತ್ತು. ಈಗ ಹಾಗೆ ಮಾಡಿದರೆ ಎದುರಾಳಿ ಪಕ್ಕದ್ದನ್ನು ಕೊಂದು ಮುಗಿಸುತ್ತಾನೆ. ಎರಡು ಕ್ರೀಚರ್ ಸೇರಿಸಿ ಬ್ಲಾಕ್ ಮಾಡುವುದನ್ನು ಕರಗತ ಮಾಡಿಕೊಂಡಿದ್ದವರು ಗೊಣಗಿದರು. ಹಲವರಿಗೆ ತಾವು ಆಡುವ ನಿಯಮ ಬದಲಾಗಿದೆ ಅಂತ ಗೊತ್ತಾಗಿದ್ದೇ ಆಟದ ಮಧ್ಯೆ, ಎದುರಿಗೆ ಕೂತವರು ಹೇಳಿದಾಗ.