ಮೃಗಾಲಯದ ಚಳಿಗಾಲ: ಬೆಂಕಿಯಿಂದ ಬಾಗಿಲಿನವರೆಗೆ

ಹಿಮ ಬೀಳುವ ಊರಿನ ಮೃಗಾಲಯದಲ್ಲಿ ಚಳಿಗಾಲದ ಬೆಳಿಗ್ಗೆ ಮೊದಲು ನೋಡುವುದು ನೆಲವನ್ನು. ಗೇಟು ತೆರೆಯಲು ಇನ್ನೂ ಹೊತ್ತಿರುತ್ತದೆ. ಜಿರಾಫೆ ನೋಡಿಕೊಳ್ಳುವವರು ಅಂಗಳಕ್ಕೆ ಬಂದು ಕಾಲಿನಿಂದ ಒತ್ತಿ ನೋಡುತ್ತಾರೆ. ಮಂಜುಗಡ್ಡೆ ಕಟ್ಟಿದ ಕಡೆ ಮರಳು ಹಾಕುತ್ತಾರೆ. ಜಾರುವುದು ಜಾಸ್ತಿ ಇದ್ದರೆ ಅವತ್ತು ಬಾಗಿಲೇ ತೆರೆಯುವುದಿಲ್ಲ. ಕಾಲು ಅತ್ತಿತ್ತ ಜಾರಿ ಬಿದ್ದರೆ ಅಷ್ಟೆತ್ತರದ ಪ್ರಾಣಿ ಮತ್ತೆ ಏಳುವುದು ಬಹಳ ಕಷ್ಟ. ಪ್ರಾಣವೇ ಹೋಗಬಹುದು.

ಪಕ್ಕದ ಗಾಜಿನ ಮನೆಯಲ್ಲಿ ಅದೇ ಹೊತ್ತಿಗೆ ತೋಟದವರು ರಾತ್ರಿ ಎಷ್ಟು ಡಿಗ್ರಿಗೆ ಇಳಿದಿತ್ತು ಅಂತ ನೋಡುತ್ತಿರುತ್ತಾರೆ. ಬಿಸಿನಾಡಿನ ಜೀವವನ್ನು ಚಳಿನಾಡಿನಲ್ಲಿ ಉಳಿಸುವುದು ಹೇಗೆ ಅನ್ನುವುದೇ ಎರಡೂ ಕಡೆಯ ಚಿಂತೆ. ಇದಕ್ಕೆ ಜನ ಮೊದಲು ನೆಚ್ಚಿಕೊಂಡಿದ್ದು ಬೆಂಕಿಯನ್ನು. ಅದೊಂದೇ ಸಾಲದು ಅಂತ ಗೊತ್ತಾಗಲು ತುಂಬಾ ಕಾಲ ಹಿಡಿಯಿತು.

ಶುರುವಾಗಿದ್ದು ಕಿತ್ತಳೆ ಗಿಡಗಳಿಂದ. 1684ರಿಂದ 1686ರವರೆಗೆ ಫ್ರಾನ್ಸಿನ ವರ್ಸೈಲ್ಸ್ ಅರಮನೆಯಲ್ಲಿ ಕಿತ್ತಳೆ ಗಿಡಗಳಿಗಾಗಿಯೇ ಒಂದು ದೊಡ್ಡ ಕಟ್ಟಡ ಎದ್ದಿತು. ದಪ್ಪ ಗೋಡೆ, ದಕ್ಷಿಣಕ್ಕೆ ಮುಖ ಮಾಡಿದ ಕಿಟಕಿಗಳು. ಒಲೆ ಉರಿಸದೆಯೇ ಗಿಡ ಹೆಪ್ಪುಗಟ್ಟದಷ್ಟು ಬೆಚ್ಚಗೆ ಒಳಗೆ ಇರುತ್ತದೆ. ಮರದ ಪೆಟ್ಟಿಗೆಯಲ್ಲಿ ನೆಟ್ಟ ಸಾವಿರಕ್ಕೂ ಹೆಚ್ಚು ಗಿಡಗಳು ಮೇ ತಿಂಗಳಲ್ಲಿ ಹೊರಗೆ ಬಂದು ಅಕ್ಟೋಬರಿನಲ್ಲಿ ಒಳಗೆ ಹೋಗುತ್ತವೆ. ಆ ಪದ್ಧತಿ ಇವತ್ತಿಗೂ ನಿಂತಿಲ್ಲ. ಗಿಡವನ್ನು ಬೇಯಿಸದೆ, ಸುಮ್ನೆ ಹಿಮದಿಂದ ಕಾಪಾಡಿದರೆ ಸಾಕು ಅನ್ನುವ ಆ ತಿಳಿವಳಿಕೆ ನನಗೆ ತುಂಬಾ ಇಷ್ಟ. ಮುಂದಿನ ಕಾಲದವರು ಅದನ್ನು ಮರೆತರು.

ಮರೆಯಲು ಕಾರಣ ಕಬ್ಬಿಣ, ಗಾಜು ಮತ್ತು ಕಲ್ಲಿದ್ದಲು. ಬ್ರಿಟನ್ ಗಾಜಿನ ಮೇಲಿನ ತೆರಿಗೆಯನ್ನು 1845ರಲ್ಲಿ ತೆಗೆದುಹಾಕಿತು. ಲಂಡನ್ನಿನ ಕ್ಯೂ ಸಸ್ಯತೋಟದಲ್ಲಿ ತಾಳೆ ಜಾತಿಯ ಮರಗಳಿಗಾಗಿ ಕಟ್ಟಿದ ಗಾಜಿನ ಮನೆ 1848ರಲ್ಲಿ ಮುಗಿಯಿತು. ನೋಡಲು ಬಂದವರಿಗೆ ಹಸಿರು ಮಾತ್ರ ಕಾಣಬೇಕು ಅನ್ನುವ ಆಸೆ. ಹಾಗಾಗಿ ಬಾಯ್ಲರುಗಳನ್ನು ನೆಲದಡಿ ಇಟ್ಟರು. ಕಲ್ಲಿದ್ದಲು ಸುರಂಗದಲ್ಲಿ ಬರುತ್ತಿತ್ತು. ಹೊಗೆಯೂ ನೆಲದಡಿಯೇ ಸಾಗಿ ದೂರದ ಒಂದು ಗೋಪುರದಿಂದ ಹೊರಗೆ ಹೋಗುತ್ತಿತ್ತು. ಆ ಗೋಪುರವನ್ನು ಹೊಗೆ ಕೊಳವೆ ಅಂತ ಗೊತ್ತಾಗದಷ್ಟು ಚಂದ ಕಟ್ಟಿದ್ದರು. 1775ರಲ್ಲಿ ದಕ್ಷಿಣ ಆಫ್ರಿಕಾದಿಂದ ಕ್ಯೂಗೆ ಬಂದ ಒಂದು ಸೈಕಾಡ್ ಗಿಡ (ನೋಡಲು ತಾಳೆಯ ಹಾಗಿರುವ ಜಾತಿ) ಈಗಲೂ ಆ ಮನೆಯಲ್ಲಿ ಬದುಕಿದೆ. ಅಷ್ಟು ವರ್ಷ ಚಳಿಗಾಲದ ಒಂದೊಂದು ರಾತ್ರಿಯೂ ಯಾರೋ ಒಬ್ಬರು ಆ ಗಿಡಕ್ಕಾಗಿ ಎಚ್ಚರವಾಗಿದ್ದಿರಬೇಕು ಅಲ್ವಾ?

ಬೆಂಕಿ ಆರಿದರೆ ಏನಾಗುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ಚಾಟ್ಸ್‌ವರ್ತ್ ಸಾಕ್ಷಿ. ಆ ದೊಡ್ಡ ಬಂಗಲೆಯ ತೋಟದಲ್ಲಿ ಮುಖ್ಯ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್ 1836ರಲ್ಲಿ ಶುರುಮಾಡಿ ಕಟ್ಟಿಸಿದ ಭಾರಿ ಗಾಜಿನ ಮನೆಗೆ ಎಂಟು ಬಾಯ್ಲರುಗಳ ಬಿಸಿ ಬೇಕಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಕಲ್ಲಿದ್ದಲೂ ಇರಲಿಲ್ಲ, ಆಳುಗಳೂ ಇರಲಿಲ್ಲ. ಗಿಡಗಳು ಸತ್ತವು. 1920ರಲ್ಲಿ ಇಡೀ ಕಟ್ಟಡವನ್ನೇ ಕೆಡವಿದರು.

ಪ್ರಾಣಿಗಳ ಕಥೆ ಇನ್ನೂ ನೋವಿನದು. ಲಂಡನ್ ಮೃಗಾಲಯ 1828ರಲ್ಲಿ ಶುರುವಾದಾಗ, ಬಿಸಿನಾಡಿನ ಪ್ರಾಣಿಗೆ ಗಾಳಿ ತಾಗಿದರೆ ಅಪಾಯ ಅಂತಲೇ ಎಲ್ಲರೂ ನಂಬಿದ್ದರು. ಸಿಂಹ, ಹುಲಿ, ಕೋತಿಗಳನ್ನು ಬಿಸಿ ಮಾಡಿದ, ಗಾಳಿಯಾಡದ ಕೋಣೆಗಳಲ್ಲಿ ಇಟ್ಟರು. ಅವು ಬಹಳ ದಿನ ಬಾಳಲಿಲ್ಲ. ಕೆಟ್ಟ ಮನಸ್ಸಿನಿಂದ ಯಾರೂ ಹೀಗೆ ಮಾಡಲಿಲ್ಲ. ಚಳಿ ತಾಗದಿರಲಿ ಅನ್ನುವ ಕಾಳಜಿಯೇ ಪ್ರಾಣಿಗಳ ಉಸಿರು ಕಟ್ಟಿಸಿತು.

ಇದನ್ನು ಅಲುಗಾಡಿಸಿದವರಲ್ಲಿ ಜರ್ಮನಿಯ ಪ್ರಾಣಿ ವ್ಯಾಪಾರಿ ಕಾರ್ಲ್ ಹಾಗೆನ್‌ಬೆಕ್ ಮುಖ್ಯ. 1907ರಲ್ಲಿ ಹ್ಯಾಂಬರ್ಗ್ ಹತ್ತಿರ ಸರಳುಗಳ ಬದಲು ಕಂದಕಗಳಿದ್ದ ಮೃಗಾಲಯ ತೆರೆದರು. ಒಣಗಿದ, ಗಾಳಿ ನುಗ್ಗದ ಗೂಡು ಇದ್ದರೆ ಸಿಂಹ, ಉಷ್ಟ್ರಪಕ್ಷಿಗಳೂ ಹಿಮದಲ್ಲಿ ಓಡಾಡಬಲ್ಲವು ಅಂತ ಅಲ್ಲಿ ತೋರಿಸಿದರು. ಅದೇ ಹಾಗೆನ್‌ಬೆಕ್ ದೂರದ ನಾಡುಗಳ ಜನರನ್ನೂ ಕರೆತಂದು ಪ್ರದರ್ಶನಕ್ಕೆ ಇಟ್ಟಿದ್ದರು. ಅವರ ಹೆಸರು ಹೇಳುವಾಗ ಆ ಅವಮಾನವನ್ನು ಬಿಟ್ಟು ಹೇಳಬಾರದು. ಲಂಡನ್ ಮೃಗಾಲಯ ನಡೆಸುವ ಸಂಘಕ್ಕೆ 1903ರಲ್ಲಿ ಕಾರ್ಯದರ್ಶಿಯಾದ ಪೀಟರ್ ಚಾಮರ್ಸ್ ಮಿಚೆಲ್ ಕೂಡ ಬಿಸಿಗಿಂತ ಹೊಸ ಗಾಳಿ ಮುಖ್ಯ ಅಂತ ವಾದಿಸಿದರು.

ಹಾಗಂತ ಚಳಿಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 1941ರ ಚಳಿಗಾಲದಲ್ಲಿ ರಷ್ಯಾದ ಲೆನಿನ್‌ಗ್ರಾಡ್ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ನಗರ ಶತ್ರುಗಳ ಮುತ್ತಿಗೆಯಲ್ಲಿತ್ತು. ಅಲ್ಲಿನ ಮೃಗಾಲಯದ ನೀರಾನೆಯ ಕೊಳಕ್ಕೆ ನೀರು ಬರುವುದು ನಿಂತುಹೋಯಿತು. ನೀರಿಲ್ಲದೆ ಅದರ ಚರ್ಮ ಒಡೆಯತೊಡಗಿತು. ಯೆವ್ದೋಕಿಯಾ ದಾಶಿನಾ ಎಂಬ ಕೆಲಸದಾಕೆ ನೇವಾ ನದಿಯಿಂದ ಜಾರುಬಂಡಿಯಲ್ಲಿ ನೀರು ಎಳೆದು ತಂದು, ಬಿಸಿ ಮಾಡಿ, ಅದರ ಮೈ ತೊಳೆದರು. ಕರ್ಪೂರದ ಎಣ್ಣೆ ಸವರಿದರು. ಊರಿಗೆ ಊರೇ ಹಸಿವಿನಿಂದ ಸಾಯುತ್ತಿದ್ದ ಹೊತ್ತು ಅದು. ಕ್ರಸಾವಿತ್ಸಾ ಎಂಬ ಆ ನೀರಾನೆ ಯುದ್ಧ ದಾಟಿ ಬದುಕಿತು.

ಗಿಡಗಳ ವಿಷಯದಲ್ಲಿ ಕಣ್ಣು ತೆರೆಸಿದ್ದು 1920ರ ಒಂದು ಸಂಶೋಧನೆ. ಅಮೆರಿಕದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲ್ಲಾರ್ಡ್ ಒಂದು ತಳಿಯ ತಂಬಾಕು ಬೇಸಿಗೆಯಲ್ಲಿ ಯಾಕೆ ಹೂ ಬಿಡುವುದಿಲ್ಲ ಅಂತ ಹುಡುಕುತ್ತಿದ್ದರು. ಹಗಲು ಎಷ್ಟು ಉದ್ದ ಅನ್ನುವುದನ್ನು ಗಿಡ ಗುರುತಿಸುತ್ತದೆ ಅಂತ ಗೊತ್ತಾಯಿತು. ಇವತ್ತು ಗಾಜಿನ ಮನೆಗಳ ಹಿಂಬದಿಯಲ್ಲಿ ನಡೆಯುವ ಕೆಲಸದಲ್ಲಿ ಈ ಲೆಕ್ಕದ ಪಾಲು ದೊಡ್ಡದು. ಡಿಸೆಂಬರಿನಲ್ಲಿ ಎಲೆ ಕೆಂಪಾಗಬೇಕಾದ ಪಾಯಿನ್‌ಸೆಟಿಯಾ ಗಿಡಕ್ಕೆ ಅದಕ್ಕೂ ಎರಡು ತಿಂಗಳ ಮೊದಲಿನಿಂದ ದಿನಕ್ಕೆ ಸುಮಾರು 14 ಗಂಟೆ ಗಟ್ಟಿ ಕತ್ತಲೆ ಬೇಕು. ರಾತ್ರಿ ಯಾರಾದರೂ ಪದೇ ಪದೇ ದೀಪ ಹಾಕಿದರೆ ಬಣ್ಣ ಬರುವುದಿಲ್ಲ. ಟ್ಯುಲಿಪ್ ಗಡ್ಡೆಗಳನ್ನಂತೂ 12ರಿಂದ 16 ವಾರ ತಣ್ಣನೆಯ ಕೋಣೆಯಲ್ಲಿ ಇಡಬೇಕು. ಚಳಿ ಕಾಣದ ಗಡ್ಡೆ ಸರಿಯಾಗಿ ಹೂ ಕೊಡುವುದಿಲ್ಲ. ಚಳಿಯಿಂದ ಕಾಪಾಡಲು ಕಟ್ಟಿದ ಮನೆಯಲ್ಲೇ ಈಗ ಲೆಕ್ಕ ಹಾಕಿ ಚಳಿ ಕೊಡುತ್ತಾರೆ.

ಪ್ರಾಣಿಗಳ ಕಡೆ ಈಗ ನಡೆದಿರುವ ಬದಲಾವಣೆ ಬಾಗಿಲಿನದು. ಒಳಗೆ ಬೆಚ್ಚಗಿನ ಮನೆ, ಹೊರಗೆ ಅಂಗಳ, ಎಲ್ಲಿರಬೇಕು ಅಂತ ಪ್ರಾಣಿಯೇ ತೀರ್ಮಾನಿಸಲಿ ಅನ್ನುವ ಪದ್ಧತಿ ಹಲವು ಕಡೆ ಬಂದಿದೆ. ಎಲ್ಲಕ್ಕೂ ಇದು ಆಗದು. ಫ್ಲೆಮಿಂಗೊಗಳು ನಿಂತ ಕೊಳ ಹೆಪ್ಪುಗಟ್ಟಿದರೆ ಕಾಲಿಗೇ ಅಪಾಯ. ಹಾಗಾಗಿ ಅವುಗಳನ್ನು ಮೊದಲೇ ಮೆಲ್ಲಗೆ ಒಳಗೆ ಅಟ್ಟುತ್ತಾರೆ. ಹಕ್ಕಿಜ್ವರ ಹರಡಿದ ವರ್ಷಗಳಲ್ಲಂತೂ ಹಕ್ಕಿಗಳು ಒಳಗೇ ಕಾಲ ಕಳೆಯಬೇಕಾಗುತ್ತದೆ. ಇನ್ನು ಸೈಬೀರಿಯಾದ ಹುಲಿ, ಹಿಮಚಿರತೆಗಳಿಗೆ ಹಿಮವೇ ಹಬ್ಬ. ಅವುಗಳ ಪಾಲಕರು ಚಿಂತೆ ಮಾಡುವುದು ಜುಲೈ ಬಂದಾಗ.

ಗಾಜಿನ ಮನೆಯೂ ಮೃಗಾಲಯವೂ ಒಂದೇ ಸೂರಿನಡಿ ಸೇರಿದ ಉದಾಹರಣೆ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿದೆ. 2003ರಲ್ಲಿ ತೆರೆದ ಮಸೋಆಲಾ ಎಂಬ ಮಳೆಕಾಡಿನ ಮನೆ ಸುಮಾರು 11,000 ಚದರ ಮೀಟರ್ ಇದೆ. ಮಡಗಾಸ್ಕರಿನ ಗಿಡಗಳ ನಡುವೆ ಲೆಮೂರ್, ಗೋಸುಂಬೆ, ಬಾವಲಿಗಳು ಬೇಲಿಯಿಲ್ಲದೆ ಇರುತ್ತವೆ. ಇಷ್ಟು ದೊಡ್ಡ ಜಾಗವನ್ನು ಬೆಚ್ಚಗಿಡಲು ಹೊರಗಿನ ಚಳಿಯ ಜೊತೆ ದಿನವೂ ಹೆಣಗಬೇಕು. 2022ರಲ್ಲಿ ಯುರೋಪಿನಲ್ಲಿ ಗ್ಯಾಸ್ ಬೆಲೆ ಏರಿದಾಗ ಚಾಟ್ಸ್‌ವರ್ತ್‌ನ ಹಳೆಯ ಕಥೆ ನನಗೆ ಮತ್ತೆ ನೆನಪಾಯಿತು.

ಲಂಡನ್ ಮೃಗಾಲಯದಲ್ಲಿ 1830ರ ದಶಕದಲ್ಲಿ ಕಟ್ಟಿದ ಜಿರಾಫೆ ಮನೆ ಈಗಲೂ ಇದೆ. ಅದರ ಎತ್ತರದ ಬಾಗಿಲುಗಳ ಹಿಂದೆ ಈಗಲೂ ಜಿರಾಫೆಗಳೇ ಇವೆ. ನೆಲ ಒಣಗಿದ ಚಳಿಗಾಲದ ದಿನ ಆ ಬಾಗಿಲು ತೆರೆದರೆ ಮೊದಲು ತಲೆ ಹೊರಗೆ ಬರುತ್ತದೆ. ಮೈ ಒಳಗೇ ಇರುತ್ತದೆ, ಬೆಚ್ಚಗೆ.