ಇಂಟರ್‌ಸೆಪ್ಟ್ ಎಂದರೇನು?

ಕುಬರ್ನೆಟಿಸ್ ಕ್ಲಸ್ಟರಿನಲ್ಲಿ (ಕಂಟೇನರುಗಳಲ್ಲಿ ಕಟ್ಟಿಟ್ಟ ತಂತ್ರಾಂಶಗಳನ್ನು ಓಡಿಸುವ ಯಂತ್ರಗಳ ಗುಂಪಿನಲ್ಲಿ) ಒಂದು ಸರ್ವಿಸಿಗೆ ಬರುವ ಕೋರಿಕೆಗಳನ್ನು ನಡುದಾರಿಯಲ್ಲೇ ತಿರುಗಿಸಿ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡುತ್ತಿರುವ ಕೋಡಿಗೆ ತಲುಪಿಸುವುದೇ ಇಂಟರ್‌ಸೆಪ್ಟ್. ಟೆಲಿಪ್ರೆಸೆನ್ಸ್ ಎಂಬ ಮುಕ್ತ ತಂತ್ರಾಂಶ ಬಳಸುವವರ ಬಾಯಲ್ಲಿ ದಿನವೂ ಕೇಳುವ ಪದ. ‘ಅಡ್ಡಗಟ್ಟು’ ಎಂದರೆ ಅರ್ಥ ಪೂರ್ತಿ ಬರುವುದಿಲ್ಲ. ಕಾಲುವೆಯ ನೀರನ್ನು ಬೇರೆ ಗದ್ದೆಗೆ ತಿರುಗಿಸಿದ ಹಾಗೆ ಇದು. ಒಂದು ಸಾಲು ತಿದ್ದಿದಾಗಲೆಲ್ಲ ಇಮೇಜ್ (ಕಂಟೇನರಿನ ಅಚ್ಚು) ಕಟ್ಟಿ, ಇಮೇಜುಗಳ ಉಗ್ರಾಣವಾದ ರಿಜಿಸ್ಟ್ರಿಗೆ ಏರಿಸಿ, ಹೊಸ ಪಾಡ್ (ಕಂಟೇನರುಗಳು ಓಡುವ ಘಟಕ) ಏಳುವವರೆಗೆ ಕಾಯುವ ಕೆಲಸ ತಪ್ಪುತ್ತದೆ.

ಮೊದಲು ಕ್ಲಸ್ಟರಿನಲ್ಲಿ ಟೆಲಿಪ್ರೆಸೆನ್ಸಿನ ಟ್ರಾಫಿಕ್ ಮ್ಯಾನೇಜರ್ ಇರಬೇಕು. ಅದನ್ನು ಹೆಲ್ಮ್ ಎಂಬ ಕುಬರ್ನೆಟಿಸ್ ಅನುಸ್ಥಾಪನಾ ಸಾಧನದ ಮೂಲಕ ಒಮ್ಮೆ ಹಾಕಿದರೆ ಸಾಕು. ‘ಕನೆಕ್ಟ್’ ಆದೇಶ ಕೊಟ್ಟಾಗ ಲ್ಯಾಪ್‌ಟಾಪಿನಲ್ಲಿ ವರ್ಚುವಲ್ ನೆಟ್‌ವರ್ಕ್ ಕೊಂಡಿಯೊಂದು ಹುಟ್ಟುತ್ತದೆ, ಕ್ಲಸ್ಟರಿನೊಳಗಿನ ಸರ್ವಿಸ್ ಹೆಸರುಗಳು ನಿಮ್ಮ ಯಂತ್ರಕ್ಕೂ ಅರ್ಥವಾಗತೊಡಗುತ್ತವೆ. ಆಮೇಲೆ ‘ಇಂಟರ್‌ಸೆಪ್ಟ್’ ಆದೇಶಕ್ಕೆ ಡಿಪ್ಲಾಯ್‌ಮೆಂಟಿನ (ಆ ಪಾಡುಗಳನ್ನು ಓಡಿಸುವ ವ್ಯವಸ್ಥೆಯ) ಹೆಸರನ್ನೂ ಪೋರ್ಟ್ ಜೋಡಿಯನ್ನೂ ಕೊಡಬೇಕು. 8080:80 ಎಂದರೆ ಸರ್ವಿಸಿನ 80ಕ್ಕೆ ಬಂದದ್ದು ನಿಮ್ಮ 8080ಕ್ಕೆ. ಮೊದಲ ಸಲ ಪಾಡಿನೊಳಗೆ ಟ್ರಾಫಿಕ್ ಏಜೆಂಟ್ ಎಂಬ ಸೈಡ್‌ಕಾರ್ (ಜೊತೆಗಾರ ಕಂಟೇನರ್) ಸೇರಿಕೊಳ್ಳುವುದರಿಂದ ಪಾಡ್ ಹೊಸದಾಗಿ ಏಳುತ್ತದೆ.

ಇಲ್ಲಿ ಬಹಳ ಜನ ಎಡವುವ ಒಂದು ವಿಷಯವಿದೆ. ಇಂಟರ್‌ಸೆಪ್ಟ್ ತಿರುಗಿಸುವುದು ಆ ಪೋರ್ಟಿಗೆ ಒಳಬರುವ ಸಂಪರ್ಕಗಳನ್ನು ಮಾತ್ರ. ಕ್ಲಸ್ಟರಿನಲ್ಲಿರುವ ಮೂಲ ಕಂಟೇನರ್ ಓಡುತ್ತಲೇ ಇರುತ್ತದೆ. ಅದು ಕಾಫ್ಕಾದಿಂದ (ಸಂದೇಶಗಳನ್ನು ಸಾಲಿನಲ್ಲಿಟ್ಟು ಹಂಚುವ ತಂತ್ರಾಂಶದಿಂದ) ಸಂದೇಶ ಎಳೆದುಕೊಳ್ಳುವಂಥದ್ದಾದರೆ, ನಿಮ್ಮ ಕೋಡೂ ಅದೇ ಕನ್ಸ್ಯೂಮರ್ ಗುಂಪಿಗೆ, ಅಂದರೆ ಸಂದೇಶ ಓದುವವರ ಗುಂಪಿಗೆ, ಸೇರಿ, ಸಂದೇಶಗಳು ಇಬ್ಬರ ನಡುವೆ ಹಂಚಿಹೋಗುತ್ತವೆ. ಕೆಲವು ಸಂದೇಶಗಳು ನಿಮ್ಮ ಡೀಬಗರಿಗೆ (ದೋಷ ಹುಡುಕುವ ಸಾಧನಕ್ಕೆ) ಬಾರದೇ ಹೋದರೆ ಮೊದಲು ನೋಡಬೇಕಾದದ್ದು ಇದನ್ನೇ. ಅಂಥಲ್ಲಿ ‘ರಿಪ್ಲೇಸ್’ ಆದೇಶ ಸರಿ: ಅದು ಮೂಲ ಕಂಟೇನರನ್ನೇ ಬದಿಗಿಡುತ್ತದೆ.

ಕೋರಿಕೆ ಬಂದರಷ್ಟೇ ಸಾಲದು, ಕೋಡಿಗೆ ಪಾಡಿನ ಪರಿಸರವೂ ಬೇಕು. ಎನ್ವಿರಾನ್ಮೆಂಟ್ ಚರಾಂಶಗಳನ್ನು (ಕೋಡಿಗೆ ಹೊರಗಿನಿಂದ ಕೊಡುವ ಹೊಂದಿಕೆಗಳನ್ನು) ಒಂದು ಕಡತಕ್ಕೆ ಬರೆಸಿಕೊಂಡು ಡಾಕರಿಗೋ ಎಡಿಟರಿಗೋ ಕೊಡಿ. ಪಾಸ್‌ವರ್ಡುಗಳೂ ಅದರಲ್ಲಿ ಇರುತ್ತವೆ, ಗಿಟ್‌ಗೆ ಹೋಗದ ಹಾಗೆ ನೋಡಿಕೊಳ್ಳಿ. ವಾಲ್ಯೂಮುಗಳು (ಪಾಡಿಗೆ ಜೋಡಿಸಿದ ಕಡತ ಸಂಗ್ರಹಗಳು) ಕಾಣದಿದ್ದರೆ ಲ್ಯಾಪ್‌ಟಾಪಿನಲ್ಲಿ ದೂರದ ಕಡತಗಳನ್ನು ತೋರಿಸುವ ಎಸ್‌ಎಸ್‌ಎಚ್‌ಎಫ್‌ಎಸ್ ಇದೆಯೇ ನೋಡಿ. ಅವು ಮೂಲ ದಾರಿಯಲ್ಲೇ ಸಿಗುವುದಿಲ್ಲ, ಬೇರೊಂದು ಮೂಲ (ರೂಟ್) ಫೋಲ್ಡರಿನ ಅಡಿಯಲ್ಲಿರುತ್ತವೆ.

ಕನೆಕ್ಟ್ ಆದರೂ ಸರ್ವಿಸ್ ಸಿಗದಿದ್ದರೆ ಕಚೇರಿಯ ವಿಪಿಎನ್ ಮೇಲೆ ಅನುಮಾನ ಇರಲಿ. ಅದರ ಐಪಿ ವ್ಯಾಪ್ತಿಯೂ ಕ್ಲಸ್ಟರಿನದೂ ಒಂದರ ಮೇಲೊಂದು ಬಿದ್ದರೆ ಪ್ಯಾಕೆಟ್ ತಪ್ಪು ದಾರಿ ಹಿಡಿಯುತ್ತದೆ.

ಹಂಚಿಕೊಂಡ ಕ್ಲಸ್ಟರಿನಲ್ಲಿ ಮಾತ್ರ ಎಚ್ಚರ ಬೇಕು. ಸರ್ವಿಸನ್ನು ಇಡಿಯಾಗಿ ತಿರುಗಿಸಿದರೆ ಸಹೋದ್ಯೋಗಿಗಳ ಕೋರಿಕೆಗಳೂ ನಿಮ್ಮ ಬ್ರೇಕ್‌ಪಾಯಿಂಟಿನಲ್ಲಿ (ಡೀಬಗರ್ ಕೋಡನ್ನು ತಡೆದು ನಿಲ್ಲಿಸುವ ಸಾಲಿನಲ್ಲಿ) ನಿಂತು, ಅವರ ಕಡೆ ಟೈಮ್‌ಔಟ್ ಆಗುತ್ತದೆ. ಎಚ್‌ಟಿಟಿಪಿ ಹೆಡರ್ (ಕೋರಿಕೆಯ ಜೊತೆ ಬರುವ ಗುರುತಿನ ಸಾಲು) ನೋಡಿ ನಿಮ್ಮದನ್ನಷ್ಟೇ ಬೇರ್ಪಡಿಸಬಹುದು; ನಡುವಿನ ಸರ್ವಿಸುಗಳು ಆ ಹೆಡರನ್ನು ಮುಂದಕ್ಕೆ ದಾಟಿಸದಿದ್ದರೆ ಅದು ಕೆಲಸ ಮಾಡದು. ಮುಗಿದ ಮೇಲೆ ‘ಲೀವ್’ ಕೊಟ್ಟರೆ ಕೋರಿಕೆಗಳು ಮತ್ತೆ ಪಾಡಿಗೆ ಹೋಗುತ್ತವೆ. ಸೈಡ್‌ಕಾರ್ ಮಾತ್ರ ಅಲ್ಲೇ ಉಳಿಯುತ್ತದೆ. ಅದನ್ನು ತೆಗೆಯಲು ‘ಅನ್‌ಇನ್‌ಸ್ಟಾಲ್’ ಬೇಕು.