ಹಲ್ಲಿನ ಬಣ್ಣದ ಫಿಲ್ಲಿಂಗ್‌ನ ಅಂಟು ಎಷ್ಟು ವರ್ಷ ಹಿಡಿದಿರುತ್ತೆ?

ಓದುಗರ ಪ್ರಶ್ನೆ: ದವಡೆ ಹಲ್ಲಿಗೆ ಬಿಳಿ ಫಿಲ್ಲಿಂಗ್ ಹಾಕಿಸಿ ಕೆಲವು ವರ್ಷ ಆಯ್ತು. ಈಗ ಅಂಚಿನಲ್ಲಿ ಕಂದು ಗೆರೆ ಕಾಣಿಸ್ತಿದೆ. ಅಂಟು ಬಿಟ್ಟುಹೋಯ್ತಾ? ಪೂರ್ತಿ ತೆಗೆಸಬೇಕಾ?

ಗೆರೆ ಕಂಡ ಮಾತ್ರಕ್ಕೆ ಅಂಟು ಬಿಟ್ಟಿದೆ ಎಂದಲ್ಲ. ಕಾಫಿ, ಟೀ, ಎಲೆ ಅಡಿಕೆಯ ಕಲೆ ಅಂಚಿನಲ್ಲಿ ಕೂರುವುದು ಸಾಮಾನ್ಯ, ಎಷ್ಟೋ ಸಲ ಪಾಲಿಶ್ ಮಾಡಿದರೆ ಸಾಕು. ಸಂದು ಬಿಟ್ಟು ಅನ್ನ ಸಿಕ್ಕಿಕೊಳ್ಳುತ್ತಿದ್ದರೆ, ತಣ್ಣೀರಿಗೆ ಜುಮ್ ಅನ್ನುತ್ತಿದ್ದರೆ ತಡ ಮಾಡದೆ ತೋರಿಸಿ. ಆಗಲೂ ಕೆಟ್ಟ ಭಾಗವನ್ನಷ್ಟೇ ಕೊರೆದು ಹೊಸದನ್ನು ಸೇರಿಸಬಹುದಾ ಅಂತ ಮೊದಲು ಕೇಳಿ, ಏಕೆಂದರೆ ಪೂರ್ತಿ ತೆಗೆದು ಹಾಕಿದ ಪ್ರತಿ ಸಲವೂ ಒಳ್ಳೆಯ ಹಲ್ಲು ಒಂದಿಷ್ಟು ಹೋಗುತ್ತದೆ.

ಚೆನ್ನಾಗಿ ಹಾಕಿದ ಫಿಲ್ಲಿಂಗ್ 10 ವರ್ಷ ದಾಟುವುದು ಅಪರೂಪವೇನಲ್ಲ. ಆದರೆ ಅಂಟು ಎಲ್ಲ ಕಡೆ ಒಂದೇ ಥರ ಬಾಳುವುದಿಲ್ಲ. ಹೊರಗಿನ ಎನಾಮೆಲ್‌ನ ತೂಕದಲ್ಲಿ ಶೇ. 96ರಷ್ಟು ಖನಿಜವೇ. 1955ರಲ್ಲಿ ಅಮೆರಿಕದ ದಂತ ಸಂಶೋಧಕ ಮೈಕೆಲ್ ಬ್ಯೂನೊಕೋರ್ ಅದಕ್ಕೆ ಫಾಸ್ಫಾರಿಕ್ ಆಮ್ಲ ಸವರಿದರೆ ಮೇಲ್ಮೈ ತರಿತರಿಯಾಗಿ ರಾಳ (ಅಂಟು, ಫಿಲ್ಲಿಂಗ್ ಎರಡರಲ್ಲೂ ಇರುವ ರೆಸಿನ್) ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ ಎಂದು ತೋರಿಸಿದರು. ಅವರು ಬಳಸಿದ್ದು ಶೇ. 85ರ ಆಮ್ಲ, ಈಗ ಸುಮಾರು ಶೇ. 37ರದ್ದು ಸಾಕು. ಎನಾಮೆಲ್ ಮೇಲಿನ ಈ ಹಿಡಿತವನ್ನು ವರ್ಷಗಟ್ಟಲೆ ನಂಬಬಹುದು.

ತೊಂದರೆ ಇರುವುದು ಎನಾಮೆಲ್ ಒಳಗಿನ ಪದರವಾದ ಡೆಂಟಿನ್‌ನಲ್ಲಿ. ಅಲ್ಲಿ ನೀರಿದೆ, ಕೊಲಾಜೆನ್ ನಾರಿದೆ. ಆಮ್ಲ ಖನಿಜವನ್ನು ಕರಗಿಸಿದಾಗ ಉಳಿಯುವುದು ನಾರಿನ ಒದ್ದೆ ಬಲೆ, ಅದರ ತಳದವರೆಗೂ ರಾಳ ಇಳಿಯಬೇಕು, ಎಲ್ಲ ಕಡೆ ಇಳಿಯುವುದಿಲ್ಲ. ಹಾಗೆ ಬರಿದಾಗಿ ಉಳಿದ ನಾರನ್ನು ಹಲ್ಲಿನದೇ ಕಿಣ್ವಗಳು ನಿಧಾನಕ್ಕೆ ಕತ್ತರಿಸುತ್ತವೆ, ಇತ್ತ ನೀರು ರಾಳವನ್ನೂ ಸಡಿಲ ಮಾಡುತ್ತಾ ಬರುತ್ತದೆ. ಜೊತೆಗೆ ನೀಲಿ ಲೈಟ್ ಬಿದ್ದು ಗಟ್ಟಿಯಾಗುವಾಗ ಫಿಲ್ಲಿಂಗ್ ಶೇ. 2-3ರಷ್ಟು ಕುಗ್ಗಿ ಅಂಟನ್ನು ಎಳೆಯುತ್ತದೆ. ಅದಕ್ಕೇ ಪದರ ಪದರವಾಗಿ ಹಾಕುವುದು. ಹುಳುಕು ಒಸಡಿನ ಕೆಳಗಿನವರೆಗೆ ಇಳಿದಿದ್ದರೆ ಆ ಅಂಚಿನಲ್ಲಿ ಎನಾಮೆಲ್ಲೇ ಇರುವುದಿಲ್ಲ, ಮೊದಲು ಬಿಡುವುದು ಸಾಮಾನ್ಯವಾಗಿ ಅಲ್ಲೇ.

ಹಾಗಾಗಿ ಯಾವ ಕಂಪನಿಯ ಫಿಲ್ಲಿಂಗ್ ಅನ್ನುವುದಕ್ಕಿಂತ ಹಾಕುವಾಗ ಜಾಗ ಒಣಗಿತ್ತಾ ಅನ್ನುವುದು ನನಗೆ ಜಾಸ್ತಿ ಮುಖ್ಯ. ಆಮ್ಲ ತೊಳೆದ ಮೇಲೆ ಎಂಜಲೋ ರಕ್ತವೋ ತಾಗಿದರೆ ಹಿಡಿತ ಕೆಡುತ್ತದೆ. ರಬ್ಬರ್ ಡ್ಯಾಮ್ (ಎಂಜಲು ತಾಗದಂತೆ ಹಲ್ಲಿನ ಸುತ್ತ ಹಾಕುವ ರಬ್ಬರ್ ಹಾಳೆ) ಹಾಕ್ತೀರಾ ಅಂತ ಸಂಕೋಚವಿಲ್ಲದೆ ಕೇಳಿ, ಆಗದಿದ್ದರೆ ಹತ್ತಿ ಇಟ್ಟು, ಸಕ್ಷನ್ ಹಿಡಿದು ಬೇಗ ಮುಗಿಸುವ ಡೆಂಟಿಸ್ಟ್‌ಗಳೂ ಇದ್ದಾರೆ. ಬಾಂಡಿಂಗ್‌ನಲ್ಲಿ, ಅಂದರೆ ಫಿಲ್ಲಿಂಗ್‌ಗೆ ಮೊದಲು ಸವರುವ ಅಂಟಿನಲ್ಲಿ, 10-ಎಂಡಿಪಿ ಎಂಬ ರಾಸಾಯನಿಕ ಇದ್ದರೆ ಒಳ್ಳೆಯದು, ಅದು ಹಲ್ಲಿನ ಕ್ಯಾಲ್ಸಿಯಂ ಜೊತೆಗೇ ಬೆಸೆದುಕೊಳ್ಳುವುದರಿಂದ ಡೆಂಟಿನ್‌ನಲ್ಲಿ ಹೆಚ್ಚು ಕಾಲ ನಿಲ್ಲುತ್ತದೆ. ಏನು ಮಾಡಿದರೂ ಒಣಗದ ಆಳದ ಜಾಗವಾದರೆ ಗ್ಲಾಸ್ ಅಯೊನೊಮರ್ ಎಂಬ ಇನ್ನೊಂದು ಬಗೆಯ ಫಿಲ್ಲಿಂಗ್ ಬಗ್ಗೆ ಕೇಳಿ. ಬೇಗ ಸವೆಯುತ್ತದೆ ನಿಜ, ಆದರೆ ತೇವವನ್ನು ಈ ರಾಳದ ಫಿಲ್ಲಿಂಗ್ (ಕಾಂಪೋಸಿಟ್)ಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ.